ಸಾರ್ಕಾಯ್ಡೋಸಿಸ್ ಇರುವವರ ದವಡೆ ನೋವು: ಮೊದಲು ಯಾವ ವೈದ್ಯರ ಬಳಿಗೆ?

ಸಾರ್ಕಾಯ್ಡೋಸಿಸ್ (ಶ್ವಾಸಕೋಶ ಮೊದಲಾದ ಅಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳು ಮೂಡುವ ಕಾಯಿಲೆ) ಇರುವವರು ದವಡೆ ನೋವು ಬಂದ ಕೂಡಲೇ ಅದೇ ಕಾಯಿಲೆಯನ್ನು ದೂರುವುದು ಸಹಜವಾದರೂ, ಹುಳುಕು ಹಲ್ಲು, ನಿದ್ದೆಯಲ್ಲಿ ಹಲ್ಲು ಕಡಿಯುವುದು ಮತ್ತು ದವಡೆ ಕೀಲಿನ ತೊಂದರೆಗಳು ಅವರಲ್ಲಿಯೂ ಕಾರಣವಾಗಬಹುದು. ಬಾಯಿ ತೆರೆದಾಗ ಕೀಲು ಸದ್ದು ಮಾಡಿ, ಅಗಿಯುವಾಗ ನೋವು ಹೆಚ್ಚಾದರೆ ದಂತವೈದ್ಯರೇ ಮೊದಲ ಆಯ್ಕೆ.

ಕಿವಿಯ ಮುಂಭಾಗದಲ್ಲಿ, ಹೆಚ್ಚಾಗಿ ಎರಡೂ ಕಡೆ, ಊತ ಕಾಣಿಸಿಕೊಂಡು ಬಾಯಿ ಒಣಗುತ್ತಿದ್ದರೆ ಕಾಯಿಲೆ ಲಾಲಾಗ್ರಂಥಿಯನ್ನು ತಲುಪಿರುವ ಸಾಧ್ಯತೆಯಿದೆ. ಈ ಊತ ಹಲವು ಬಾರಿ ನೋಯುವುದೇ ಇಲ್ಲ ಎಂಬುದು ಗಮನಾರ್ಹ. ಇದರೊಂದಿಗೆ ಜ್ವರ, ಕಣ್ಣಿನ ಉರಿಯೂತ, ಮುಖದ ಒಂದು ಬದಿಯ ಪಾರ್ಶ್ವವಾಯು ಸೇರಿದರೆ, 1909ರಲ್ಲಿ ಡೆನ್ಮಾರ್ಕಿನ ನೇತ್ರವೈದ್ಯ ಹೀರ್‌ಫೋರ್ಟ್ ವಿವರಿಸಿದ ಲಕ್ಷಣಕೂಟವನ್ನು ಶಂಕಿಸಬೇಕಾಗುತ್ತದೆ. ಕೆನ್ನೆ, ಗಲ್ಲ ಮರಗಟ್ಟುವುದು ನರದ ತೊಂದರೆಯ ಸೂಚನೆ. ಇಂತಹ ಸಂದರ್ಭಗಳಲ್ಲಿ ಸಾರ್ಕಾಯ್ಡೋಸಿಸ್‌ಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಬೇಗನೆ ಕಾಣಬೇಕು. ದವಡೆಯ ಮೂಳೆಗೇ ಕಾಯಿಲೆ ತಗಲುವುದು ಅಪರೂಪ.

ಹೆಚ್ಚಿನವರ ಗಮನಕ್ಕೆ ಬಾರದ ಕಾರಣವೊಂದು ಔಷಧಿಯಲ್ಲಿದೆ. ದೀರ್ಘಕಾಲ ಸ್ಟೀರಾಯ್ಡ್ ಸೇವಿಸುವವರಿಗೆ ಮೂಳೆ ಸವೆಯದಂತೆ ಅಲೆಂಡ್ರೊನೇಟ್‌ನಂತಹ ಮಾತ್ರೆಗಳನ್ನು ಕೊಡುವುದುಂಟು. ಈ ಮಾತ್ರೆಗಳಿಂದ ವಿರಳವಾಗಿ, ವಿಶೇಷವಾಗಿ ಹಲ್ಲು ಕೀಳಿಸಿದ ಬಳಿಕ, ಗಾಯ ಮಾಯದೆ ದವಡೆಯ ಮೂಳೆ ಹೊರಗೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಹಲ್ಲು ಕೀಳಿಸುವ ಮೊದಲೇ ದಂತವೈದ್ಯರಿಗೆ ಔಷಧಿಗಳ ಪಟ್ಟಿ ತೋರಿಸಬೇಕು, ಆದರೆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ನಡೆದಾಗ ದವಡೆ ನೋವು ಬಂದು, ಎದೆ ಬಿಗಿತ, ಉಸಿರಾಟದ ತೊಂದರೆ ಅಥವಾ ಬೆವರು ಕಾಣಿಸಿಕೊಂಡರೆ ಆಯ್ಕೆಯ ಪ್ರಶ್ನೆಯೇ ಇಲ್ಲ: ಅದು ಹೃದಯದ ನೋವಾಗಿರಬಹುದು, ತಕ್ಷಣ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.