ಹಾಂಕಾಂಗ್ ಹೈಕೋರ್ಟಿನ ನ್ಯಾಯಾಂಗ ಪರಿಶೀಲನೆ: 1,045 ಡಾಲರಿಗೆ ಸಿಗುವುದೇನು, ಸಿಗದಿರುವುದೇನು

ಹಾಂಕಾಂಗಿನಲ್ಲಿ ಆಶ್ರಯ ಕೇಳಿ ಇಮಿಗ್ರೇಶನ್ ಇಲಾಖೆ, ಮೇಲ್ಮನವಿ ಮಂಡಳಿ ಎರಡೂ ಕಡೆ ತಿರಸ್ಕೃತರಾದವರಿಗೆ ಉಳಿಯುವ ಬಾಗಿಲು ಹೈಕೋರ್ಟಿನ ನ್ಯಾಯಾಂಗ ಪರಿಶೀಲನೆ. ಕ್ವೀನ್ಸ್‌ವೇ 38ರ ಕಟ್ಟಡ, ಅಡ್ಮಿರಾಲ್ಟಿ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಪರಿಶೀಲನೆಗೆ ಅನುಮತಿ ಕೇಳುವ ಫಾರ್ಮ್ 86 ತುಂಬಿ, ಅಫಿಡವಿಟ್ ಲಗತ್ತಿಸಿ, 1,045 ಹಾಂಕಾಂಗ್ ಡಾಲರ್ ಕಟ್ಟಿದರೆ ಎಚ್‌ಸಿಎಎಲ್ ಎಂಬ ಅಕ್ಷರಗಳಿರುವ ಒಂದು ಕೇಸು ನಂಬರು ಕೈಗೆ ಬರುತ್ತದೆ. ಆ ಹಣವೂ ಇಲ್ಲವೆಂದರೆ ಶುಲ್ಕ ಮಾಫಿಗೆ ರಿಜಿಸ್ಟ್ರಾರರನ್ನು ಕೇಳಿಕೊಳ್ಳಬಹುದು. ಒಳಗೆ ಕಾಲಿಡುವುದು ಇಷ್ಟು ಸುಲಭ. ಗೆದ್ದು ಹೊರಬರುವವರು ಮಾತ್ರ ತೀರಾ ವಿರಳ. ಕೋರ್ಟು ಬಿಗಿ ಎಂಬುದು ನಿಜವೇ, ಆದರೆ ಮುಖ್ಯ ಕಾರಣ ಬೇರೆ: ಬಹುಪಾಲು ಅರ್ಜಿದಾರರು ಈ ಅಂಗಡಿಯಲ್ಲಿ ಇಲ್ಲದ ಸರಕನ್ನೇ ಕೇಳುತ್ತಾರೆ.

ಚೀನಾ 1982ರಲ್ಲಿ 1951ರ ನಿರಾಶ್ರಿತರ ಒಪ್ಪಂದಕ್ಕೆ ಸೇರಿತಾದರೂ ಆ ಒಪ್ಪಂದ ಹಾಂಕಾಂಗಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಅಲ್ಲಿ ಕಾನೂನಿನ ಪ್ರಕಾರ ಆಶ್ರಯ ಕೊಡುವ ಪದ್ಧತಿಯೇ ಇಲ್ಲ. ಇರುವುದು ನಾನ್-ರಿಫೌಲ್‌ಮೆಂಟ್ ಕ್ಲೇಮು, ಅಂದರೆ ಅಪಾಯವಿರುವ ನಾಡಿಗೆ ನನ್ನನ್ನು ವಾಪಸು ಅಟ್ಟಬೇಡಿ ಎಂಬ ಕೋರಿಕೆ. ಈ ಹಕ್ಕನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿದ್ದು ಕೋರ್ಟುಗಳೇ. ಚಿತ್ರಹಿಂಸೆಯ ಕ್ಲೇಮನ್ನು ಅತ್ಯುನ್ನತ ಮಟ್ಟದ ನ್ಯಾಯಸಮ್ಮತತೆಯಿಂದ ನೋಡಬೇಕೆಂದು 2004ರಲ್ಲಿ ಅಲ್ಲಿನ ಅತ್ಯುನ್ನತ ಕೋರ್ಟಾದ ಅಂತಿಮ ಮೇಲ್ಮನವಿ ನ್ಯಾಯಾಲಯ ಹೇಳಿತು. 2008ರ ಎಫ್‌ಬಿ (ಅರ್ಜಿದಾರರನ್ನು ಗುರುತಿಸುವ ಅಕ್ಷರಗಳು) ತೀರ್ಪಿನ ಬಳಿಕ ಉಚಿತ ವಕೀಲರು ಬಂದರು. 2013ರ ‘ಸಿ’ ತೀರ್ಪು, ಕಿರುಕುಳದ ಭಯವನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಮೇಲೆ ಹೊರಿಸಿ ಕೂರದೆ ಇಮಿಗ್ರೇಶನ್ ಇಲಾಖೆ ತಾನೇ ಅಳೆಯಬೇಕೆಂದಿತು. ಈಗಿನ ಏಕೀಕೃತ ಪರಿಶೀಲನಾ ವ್ಯವಸ್ಥೆ ಶುರುವಾದದ್ದು ಆಮೇಲೆ, 2014ರ ಮಾರ್ಚ್‌ನಲ್ಲಿ.

ಕ್ರಮ ಹೀಗೆ: ಇಲಾಖೆ ತಿರಸ್ಕರಿಸಿದರೆ 14 ದಿನದೊಳಗೆ ಮೇಲ್ಮನವಿ ಮಂಡಳಿಗೆ ಹೋಗಬೇಕು. ಮಂಡಳಿಯೂ ಇಲ್ಲವೆಂದರೆ ಹೈಕೋರ್ಟು. ಇಲಾಖೆಯ ಹಂತದಲ್ಲಿ ಡ್ಯೂಟಿ ಲಾಯರ್ (ಸರ್ಕಾರಿ ಖರ್ಚಿನ ವಕೀಲ) ಉಚಿತ. ಮಂಡಳಿಯ ಹಂತದಲ್ಲಿ ಪ್ರಕರಣದಲ್ಲಿ ಹುರುಳಿದೆ ಎಂದು ಅವರಿಗೇ ಅನಿಸಿದರೆ ಮಾತ್ರ ಜೊತೆಗಿರುತ್ತಾರೆ. ಅಂದರೆ ವಕೀಲರ ನೆರವು ಅತ್ಯಂತ ಅಗತ್ಯವಾದ ಹೊತ್ತಿನಲ್ಲೇ ಹೆಚ್ಚಿನವರು ಒಂಟಿಯಾಗುತ್ತಾರೆ. ಇಡೀ ವ್ಯವಸ್ಥೆಯ ಅತಿ ದೊಡ್ಡ ಕೊರತೆ ಇದೇ.

ಇನ್ನು ಹೈಕೋರ್ಟು ಮಾಡುವ ಕೆಲಸ. ನಮ್ಮಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್ ಹಾಕಿಸಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ: ಕೋರ್ಟು ನಿಮ್ಮ ಕಥೆಯನ್ನು ಮತ್ತೆ ಮೊದಲಿನಿಂದ ಕೇಳುವುದಿಲ್ಲ. ಊರಿಗೆ ಹೋದರೆ ಕೊಲ್ಲುತ್ತಾರೋ ಇಲ್ಲವೋ ಎಂದು ತೀರ್ಮಾನಿಸುವುದು ಮಂಡಳಿಯ ಕೆಲಸ. ಮಂಡಳಿ ಆ ತೀರ್ಮಾನಕ್ಕೆ ಬಂದ ದಾರಿಯಲ್ಲಿ ಕಾನೂನಿನ ತಪ್ಪಿದೆಯೇ, ಅನ್ಯಾಯದ ವಿಧಾನವಿದೆಯೇ, ವಿವೇಚನೆಯೇ ಇಲ್ಲದ ನಿರ್ಣಯವೇ ಎಂದಷ್ಟೇ ಕೋರ್ಟು ನೋಡುತ್ತದೆ. ಫಾರ್ಮ್ 86ರಲ್ಲಿ ‘ಆಧಾರಗಳು’ ಎಂಬ ಜಾಗದಲ್ಲಿ ಚಿಕ್ಕಪ್ಪನ ಜೊತೆಗಿನ ಜಮೀನು ಜಗಳವನ್ನು ನಾಲ್ಕು ಪುಟ ಬರೆದರೆ ಆ ನಾಲ್ಕೂ ಪುಟ ವ್ಯರ್ಥ. ಅಲ್ಲಿ ಬರೆಯಬೇಕಾದ್ದು ಮಂಡಳಿಯ ನಿರ್ಣಯದ ಇಂತಿಷ್ಟನೇ ಪ್ಯಾರಾದಲ್ಲಿ ಇಂಥ ಸಾಕ್ಷ್ಯವನ್ನು ಬಿಟ್ಟಿದ್ದಾರೆ, ಇಂಥ ಕಾನೂನಿನ ಪ್ರಶ್ನೆಯನ್ನು ಕೇಳಿಕೊಂಡೇ ಇಲ್ಲ ಎಂದು.

ಯಾವ ನಿರ್ಣಯವನ್ನು ಪ್ರಶ್ನಿಸುತ್ತೀರಿ ಎಂಬ ಜಾಗದಲ್ಲೂ ಎಡವುವವರಿದ್ದಾರೆ. ಇಲಾಖೆಯ ತಿರಸ್ಕಾರ ಪತ್ರದ ತಾರೀಖು ಹಾಕುತ್ತಾರೆ. ಮಂಡಳಿ ಎಲ್ಲವನ್ನೂ ಹೊಸದಾಗಿ ನೋಡಿ ನಿರ್ಣಯ ಕೊಟ್ಟ ಮೇಲೆ ಇಲಾಖೆಯ ತಪ್ಪುಗಳನ್ನು ಹಿಡಿದು ಜಗ್ಗಿ ಪ್ರಯೋಜನವಿಲ್ಲ. ಪ್ರಶ್ನಿಸಬೇಕಾದ್ದು ಮಂಡಳಿಯ ನಿರ್ಣಯವನ್ನು. ಎರಡೂ ನಿರ್ಣಯಗಳ ಪೂರ್ತಿ ಪ್ರತಿ ಅಫಿಡವಿಟ್ಟಿನ ಜೊತೆಗಿರಬೇಕು. ಪುಟ ಕಳೆದುಹೋದ ಪ್ರತಿ ಕೊಟ್ಟರೆ ನಿಮ್ಮ ವಾದವಿರುವ ಪ್ಯಾರಾವೇ ನ್ಯಾಯಾಧೀಶರ ಕಣ್ಣಿಗೆ ಬೀಳದೆ ಹೋಗಬಹುದು. ಮೌಖಿಕ ವಿಚಾರಣೆ ಬೇಕೋ ಎಂಬ ಪ್ರಶ್ನೆಗೆ ಉತ್ತರಿಸದಿದ್ದರೆ ಕಾಗದದ ಮೇಲೆಯೇ ತೀರ್ಮಾನವಾಗಬಹುದು.

ಗಡುವು ಮೂರು ತಿಂಗಳು. ನಿಯಮ ಹೇಳುವುದು ‘ತಡಮಾಡದೆ, ಏನೇ ಆದರೂ ಮೂರು ತಿಂಗಳೊಳಗೆ’ ಎಂದು, ಆದ್ದರಿಂದ 89ನೇ ದಿನದವರೆಗೆ ಕಾಯುವುದು ಜಾಣತನವಲ್ಲ. ತಡವಾದರೆ ಎಷ್ಟು ತಡ, ಯಾಕೆ ತಡ, ಪ್ರಕರಣದಲ್ಲಿ ತಿರುಳಿದೆಯೇ ಎಂದು ನೋಡುತ್ತಾರೆ. ‘ಕಾನೂನು ಗೊತ್ತಿರಲಿಲ್ಲ’, ‘ದುಡ್ಡಿರಲಿಲ್ಲ’ ಎಂಬ ಎರಡು ಉತ್ತರಗಳನ್ನು ಅಲ್ಲಿನ ನ್ಯಾಯಾಧೀಶರು ಸಾವಿರಾರು ಸಲ ಓದಿದ್ದಾರೆ. ಲೀಗಲ್ ಏಡ್‌ಗೆ ಅರ್ಜಿ ಹಾಕಿದ ಮಾತ್ರಕ್ಕೆ ಈ ಗಡಿಯಾರ ನಿಲ್ಲುವುದಿಲ್ಲ.

ಅನುಮತಿಯ ಹಂತವೇ ಜರಡಿ. ವಾದಿಸಲು ಯೋಗ್ಯವಾದ, ಗೆಲ್ಲುವ ನೈಜ ಸಾಧ್ಯತೆಯಿರುವ ಅಂಶವಿದ್ದರೆ ಮಾತ್ರ ಅನುಮತಿ ಎಂಬುದು ಅಂತಿಮ ಮೇಲ್ಮನವಿ ನ್ಯಾಯಾಲಯ 2007ರಲ್ಲಿ ನಿಗದಿ ಮಾಡಿದ ಅಳತೆಗೋಲು. 2016ರಲ್ಲಿ ಇಂಥ ಕ್ಲೇಮುಗಳ ಅರ್ಜಿ ನೂರಕ್ಕೂ ಕಡಿಮೆ ಇದ್ದವು. 2019ರ ಹೊತ್ತಿಗೆ ವರ್ಷಕ್ಕೆ ಮೂರೂವರೆ ಸಾವಿರ ದಾಟಿದವು. ಅವುಗಳಲ್ಲಿ ಎಷ್ಟೋ ಅರ್ಜಿಗಳು ಒಂದೇ ಅಚ್ಚಿನವು: ‘ಮಂಡಳಿ ಉನ್ನತ ಮಟ್ಟದ ನ್ಯಾಯಸಮ್ಮತತೆ ಪಾಲಿಸಲಿಲ್ಲ, ನನ್ನ ದೇಶದ ಮಾಹಿತಿ ಪರಿಶೀಲಿಸಲಿಲ್ಲ’. ಹೆಸರೂ ತಾರೀಖೂ ಬದಲಿಸಿ ಬರೆದುಕೊಡುವ ದಲ್ಲಾಳಿಗೆ ಹಣ ಕೊಟ್ಟವರು ಕೋರ್ಟು ಶುಲ್ಕಕ್ಕಿಂತ ಹೆಚ್ಚು ಕಳೆದುಕೊಂಡಿರುತ್ತಾರೆ. ಯಾವ ಮಾಹಿತಿ, ಯಾವ ಪ್ಯಾರಾ ಎಂದು ತೋರಿಸದ ಆಧಾರವನ್ನು ಕೋರ್ಟು ಒಂದೇ ವಾಕ್ಯದಲ್ಲಿ ಬದಿಗಿಡುತ್ತದೆ.

ಭಾರತದವರ ಕ್ಲೇಮುಗಳು ಬೀಳುವ ಜಾಗ ಹೆಚ್ಚುಕಮ್ಮಿ ನಿಶ್ಚಿತ. ಸಾಲ ಕೊಟ್ಟವರ ಬೆದರಿಕೆ, ಆಸ್ತಿ ತಗಾದೆ, ಜಾತಿ ಮೀರಿದ ಮದುವೆ, ಎದುರು ಪಕ್ಷದವರ ಹೊಡೆತ. ಇವೆಲ್ಲ ನಿಜವಿದ್ದರೂ ಹೆದರಿಸುವವರು ಸರ್ಕಾರದವರಲ್ಲ. ಆಗ ಎರಡು ಪ್ರಶ್ನೆ ಬರುತ್ತವೆ: ಪೊಲೀಸರಲ್ಲಿ ರಕ್ಷಣೆ ಸಿಗುವುದಿಲ್ಲವೇ? ದೇಶದೊಳಗೆ ಬೇರೆ ಕಡೆ ಹೋಗಿ ಬದುಕಲಾಗುವುದಿಲ್ಲವೇ? ಬೀದರಿನಲ್ಲಿ ಅಪಾಯವಿರುವವನಿಗೆ ಮೈಸೂರಿದೆಯಲ್ಲ ಎಂಬ ಒಂದು ವಾಕ್ಯ ಸಾಕು, ಕ್ಲೇಮು ಮುಗಿಯುತ್ತದೆ. ಇದನ್ನು ಎದುರಿಸಬೇಕಾದದ್ದು ಹೈಕೋರ್ಟಿನಲ್ಲಲ್ಲ, ಇಲಾಖೆಯ ಮೊದಲ ಸಂದರ್ಶನದಲ್ಲೇ: ಕೊಟ್ಟ ದೂರಿನ ಪ್ರತಿ, ಪೊಲೀಸರು ಎಫ್‌ಐಆರ್ ಹಾಕಲು ಒಪ್ಪದ ವಿವರ, ಬೇರೆ ಊರಿಗೆ ಹೋದಾಗಲೂ ಹುಡುಕಿಕೊಂಡು ಬಂದ ಘಟನೆ. ಅಲ್ಲಿ ಹೇಳದ್ದನ್ನು ಅಫಿಡವಿಟ್ಟಿನಲ್ಲಿ ಮೊದಲ ಸಲ ಹೇಳಿದರೆ ನಂಬುವವರಿಲ್ಲ.

ಹಾಗಾದರೆ ಗೆಲ್ಲುವ ಅರ್ಜಿ ಹೇಗಿರುತ್ತದೆ? ಮೈಮೇಲಿನ ಗಾಯಗಳ ಬಗ್ಗೆ ವೈದ್ಯರ ವರದಿಯಿದ್ದೂ ಮಂಡಳಿ ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ತಡವಾದ ಮೇಲ್ಮನವಿಗೆ ಕೊಟ್ಟ ಕಾರಣವನ್ನು ತೂಗದೆ ತಳ್ಳಿದ್ದಾರೆ. ಚಿತ್ರಹಿಂಸೆಯ ನೆಲೆಯಲ್ಲಿ ಮಾತ್ರ ನೋಡಿ, ಹಾಂಕಾಂಗಿನ ಹಕ್ಕುಗಳ ಕಾಯಿದೆಯ 2 ಮತ್ತು 3ನೇ ವಿಧಿಗಳಡಿಯ ಜೀವಾಪಾಯ, ಅಮಾನವೀಯ ವರ್ತನೆಯ ಪ್ರಶ್ನೆಗಳನ್ನು ಬಿಟ್ಟಿದ್ದಾರೆ. ನಂಬಿಕಸ್ಥನಲ್ಲ ಎಂದು ತೀರ್ಮಾನಿಸಲು ಬಳಸಿದ ವ್ಯತ್ಯಾಸವನ್ನು ಅರ್ಜಿದಾರನ ಮುಂದಿಟ್ಟು ಉತ್ತರ ಕೇಳಿಯೇ ಇಲ್ಲ. ಹಾಳೆ ತಿರುವಿ ಬೆರಳಿಟ್ಟು ತೋರಿಸಬಹುದಾದ ಇಂಥ ದೋಷ ಒಂದಿದ್ದರೂ ಅರ್ಜಿ ನಿಲ್ಲುತ್ತದೆ.

ದುಭಾಷಿಯ ವಿಷಯ ಕನ್ನಡದವರು ಗಮನವಿಟ್ಟು ಓದಬೇಕು. 2021ರ ಆಗಸ್ಟ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ನಿಮಗೆ ಅರ್ಥವಾಗುತ್ತದೆಂದು ಇಲಾಖೆಗೆ ಸಕಾರಣವಾಗಿ ತೋರುವ ಭಾಷೆಯಲ್ಲೇ ಮಾತಾಡಲು ಅದು ಸೂಚಿಸಬಹುದು. ಭಾರತದವರೆಂದರೆ ಹಿಂದಿ ಎಂಬ ಊಹೆ ಎಲ್ಲೆಡೆಯೂ ಇದ್ದದ್ದೇ. ಸಿನಿಮಾ ನೋಡುವಷ್ಟು ಹಿಂದಿ ಬಂದ ಮಾತ್ರಕ್ಕೆ ಲಾಕಪ್ಪಿನಲ್ಲಿ ನಡೆದದ್ದನ್ನು ತಾರೀಖು ಸಮೇತ ಹೇಳಲು ಬರುತ್ತದೆಂದಲ್ಲ. ತೊಡಕಿದ್ದರೆ ಸಂದರ್ಶನದ ಹೊತ್ತಿನಲ್ಲೇ ಹೇಳಿ, ದಾಖಲೆಯಲ್ಲಿ ಬರೆಸಿ. ‘ಅರ್ಥವಾಯಿತು’ ಎಂದು ಸಹಿ ಹಾಕಿ, ಎರಡು ವರ್ಷದ ಮೇಲೆ ಹೈಕೋರ್ಟಿನಲ್ಲಿ ದುಭಾಷಿ ಸರಿಯಿರಲಿಲ್ಲ ಎಂದರೆ ಆ ಸಹಿಯೇ ನಿಮ್ಮ ವಿರುದ್ಧ ಸಾಕ್ಷಿ. ಅದೇ ತಿದ್ದುಪಡಿ ಮಂಡಳಿಯ ವಿಚಾರಣೆಯ ಕನಿಷ್ಠ ನೋಟಿಸನ್ನು 28 ದಿನದಿಂದ 7ಕ್ಕೆ ಇಳಿಸಿತು. ಊರಿನಿಂದ ಕಾಗದ ತರಿಸಲು ನೋಟಿಸು ಬರುವವರೆಗೆ ಕಾದರೆ ಸಮಯ ಸಾಲದು.

ಅನುಮತಿ ನಿರಾಕರಿಸಿದರೆ 14 ದಿನದೊಳಗೆ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಬಹುದು. ಹಿಂದೆ ಇದರ ಜೊತೆ ಗಡೀಪಾರಾಗದೆ ಉಳಿಯುವ ಕಾಲಾವಕಾಶವೂ ತಾನಾಗಿ ಸಿಗುತ್ತಿತ್ತು. 2022ರ ಡಿಸೆಂಬರ್ 7ರಿಂದ ಆ ಲೆಕ್ಕ ಬದಲಾಗಿದೆ: ಮೊದಲ ಹಂತದ ಕೋರ್ಟು ಅರ್ಜಿ ತಳ್ಳಿದರೆ, ಮೇಲ್ಮನವಿ ಬಾಕಿಯಿದ್ದರೂ ಇಲಾಖೆ ಸಾಮಾನ್ಯವಾಗಿ ಗಡೀಪಾರಿಗೆ ಮುಂದಾಗಬಹುದು. ತಡೆಯಬೇಕಿದ್ದರೆ ಕೋರ್ಟಿನಿಂದ ತಡೆಯಾಜ್ಞೆ ತರಬೇಕು, ಅದೂ ವಿಮಾನ ಹತ್ತಿಸುವ ಮುಂಚೆ.

ಗೆದ್ದರೂ ಸಿಗುವುದು ವಾಸದ ಹಕ್ಕಲ್ಲ. ಮಂಡಳಿಯ ನಿರ್ಣಯ ರದ್ದಾಗಿ ಪ್ರಕರಣ ಮತ್ತೆ ಮಂಡಳಿಗೇ ಹೋಗುತ್ತದೆ. ಅಲ್ಲಿ ಕ್ಲೇಮು ಒಪ್ಪಿದರೂ (ಒಟ್ಟಾರೆ ಒಪ್ಪಿಗೆಯ ಪ್ರಮಾಣ ನೂರಕ್ಕೆ ಒಂದರ ಆಸುಪಾಸು) ಹಾಂಕಾಂಗ್ ಖಾಯಂ ನೆಲೆ ಕೊಡುವುದಿಲ್ಲ. ಕಿರುಕುಳದ ಕಾರಣಕ್ಕೆ ಒಪ್ಪಿದವರನ್ನು ಮೂರನೇ ದೇಶದಲ್ಲಿ ನೆಲೆಗೊಳಿಸಲೆಂದು ವಿಶ್ವಸಂಸ್ಥೆಗೆ ಕಳಿಸುತ್ತಾರೆ. ಅಲ್ಲಿಯವರೆಗೆ ಕೈಯಲ್ಲಿರುವುದು ಫಾರ್ಮ್ 8 ಎಂಬ ಮುಚ್ಚಳಿಕೆ ಕಾಗದ, ತಿಂಗಳಿಗೆ 1,200 ಡಾಲರಿನ ಆಹಾರ ನೆರವು, 1,500 ಡಾಲರಿನ ಬಾಡಿಗೆ ನೆರವು. ಆ ಬಾಡಿಗೆಗೆ ಆ ನಗರದಲ್ಲಿ ಸರಿಯಾದ ಒಂದು ಕೋಣೆಯೂ ಸಿಗದು. ದುಡಿಯುವ ಹಕ್ಕಿಲ್ಲ. ಕಳ್ಳದಾರಿಯಲ್ಲಿ ಬಂದವರು ಅಥವಾ ಗಡೀಪಾರು ಆದೇಶವಿರುವವರು ಕೆಲಸಕ್ಕೆ ಸಿಕ್ಕಿಬಿದ್ದರೆ 50,000 ಡಾಲರ್ ದಂಡ, ಮೂರು ವರ್ಷದವರೆಗೆ ಜೈಲು. ‘ಪೇಪರ್ ಹಾಕಿಸಿ ಕೆಲಸ ಕೊಡಿಸುತ್ತೇವೆ’ ಎನ್ನುವ ಏಜೆಂಟು ಮಾರುತ್ತಿರುವುದು ಇದನ್ನೇ.

ಅಂಕ ಕೊಡುವುದಾದರೆ, ಅರ್ಜಿ ಸ್ವೀಕರಿಸುವ ಕಚೇರಿಯಾದ ರಿಜಿಸ್ಟ್ರಿಗೆ ಐದಕ್ಕೆ ನಾಲ್ಕು. ಅದೇ ಕಟ್ಟಡದ ಎಲ್‌ಜಿ1 ಮಹಡಿಯಲ್ಲಿರುವ, ವಕೀಲರಿಲ್ಲದವರ ಸಹಾಯ ಕೇಂದ್ರಕ್ಕೂ ಅಷ್ಟೇ. ವಿಧಾನ ಹೇಳಿಕೊಡುತ್ತಾರೆ, ಕಾನೂನು ಸಲಹೆ ಮಾತ್ರ ಕೇಳಬೇಡಿ. ತೀರ್ಪುಗಳ ಬರವಣಿಗೆಗೆ ಮೂರು. ಕಾರಣ ಕೊಡುತ್ತಾರೆ, ಆದರೆ ಕಾರಣಗಳು ಅರ್ಜಿಗಳಷ್ಟೇ ಅಚ್ಚಿನಲ್ಲಿ ಹೊಯ್ದಂತಿರುತ್ತವೆ. ಗೋಪ್ಯತೆಗೆ ಒಂದು. ಎಷ್ಟೋ ತೀರ್ಪುಗಳು ಅರ್ಜಿದಾರರ ಪೂರ್ತಿ ಹೆಸರಿನೊಂದಿಗೆ ಅಂತರ್ಜಾಲದಲ್ಲಿವೆ, ಊರಿನಲ್ಲಿ ಹೆದರಿಸುತ್ತಿರುವವನೂ ಹುಡುಕಿ ಓದಬಹುದು. ಹೆಸರು ಮರೆಮಾಚುವ ಆದೇಶ ಬೇಕಿದ್ದರೆ ಫಾರ್ಮ್ 86ರ ಜೊತೆಗೇ, ಕಾರಣ ಸಮೇತ ಕೇಳಿ.