ತ್ರೀ ನಾಟ್ ತ್ರೀಗೆ ಹೊಸ ನಳಿಕೆ ಹಾಕಿಸುವ ಮುಂಚೆ ಇದನ್ನು ಓದಿ

ಅಮೆರಿಕದಲ್ಲಿದ್ದು ಹಳೇ ಮಿಲಿಟರಿ ಕೋವಿ ಇಟ್ಟುಕೊಂಡಿರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆ ದಿನ ಕನ್ನಡಕ ಹಾಕದೇ ಇದ್ದಿದ್ದರೆ ನನ್ನ ಕಣ್ಣಿನ ಗತಿ ಏನಾಗುತ್ತಿತ್ತೋ.

ನಾನು ಕೊಡಗಿನವನು. ಆಯುಧಪೂಜೆಯ ಹಬ್ಬ ಕೈಲ್ ಪೋಳ್ದ್ ದಿನ ಕೋವಿಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಬೆಳೆದವನು. ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ಲೀ-ಎನ್‌ಫೀಲ್ಡ್ ನಂಬರ್ 4 ಅನ್ನುವ ತ್ರೀ ನಾಟ್ ತ್ರೀ ಕೋವಿ ಕಂಡಾಗ ಬಿಟ್ಟು ಬರಲು ಮನಸ್ಸಾಗಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿಗಾಗಿ ಅಮೆರಿಕದ ಸ್ಯಾವೇಜ್ ಕಾರ್ಖಾನೆ ಮಾಡಿದ ಕೋವಿ ಅದು. 'ಯು.ಎಸ್. ಪ್ರಾಪರ್ಟಿ' ಮುದ್ರೆ ಇನ್ನೂ ಅಳಿಸಿಲ್ಲ.

ರಿಪೇರಿಯವನು ನಳಿಕೆಗೆ ಬೆಳಕು ಬಿಟ್ಟು ನೋಡಿ, "ಎರಡೇ ಗೆರೆ ಉಳಿದಿದೆ, ಸವೆದುಹೋಗಿದೆ, ಬದಲಾಯಿಸಿ" ಎಂದ. ಗುಂಡು ತಿರುಗುತ್ತಾ ಹೋಗಲೆಂದು ನಳಿಕೆಯೊಳಗೆ ಕೊರೆದಿರುವ ಗೆರೆಗಳು ಅವು. ನಾನು ನಂಬಿದೆ. ಯುದ್ಧದ ಅವಸರದಲ್ಲಿ ಸ್ಯಾವೇಜ್‌ನವರು ಎಷ್ಟೋ ನಳಿಕೆಗಳನ್ನು ಐದರ ಬದಲು ಎರಡೇ ಗೆರೆ ಕೊರೆದು ಕಳಿಸಿದ್ದರು ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ.

ಆನ್‌ಲೈನ್‌ನಲ್ಲಿ ನಳಿಕೆ ತರಿಸಿದೆ, ಅವನು ಹಾಕಿಕೊಟ್ಟ. ಸೈಟ್ ನೆಟ್ಟಗಿತ್ತು. ತೋಟೆಯ ಹಿಂದೆ ನಳಿಕೆಯನ್ನು ಮುಚ್ಚುವ ಬೋಲ್ಟ್ ಬೆಣ್ಣೆಯ ಹಾಗೆ ಮುಚ್ಚುತ್ತಿತ್ತು. ನನಗೆ ಅಷ್ಟೇ ಸಾಕಾಯಿತು. ಅಲ್ಲೇ ನಾನು ತಪ್ಪಿದ್ದು.

ರೇಂಜ್‌ನಲ್ಲಿ ಐದು ತೋಟೆ ಸಲೀಸಾಗಿ ಹಾರಿದವು. ಆರನೆಯದಕ್ಕೆ ಸದ್ದೇ ಬೇರೆ ಬಂತು. ಕೆನ್ನೆಗೆ ಬಿಸಿ ಗಾಳಿ ರಪ್ ಅಂತ ಹೊಡೆಯಿತು, ಕನ್ನಡಕದ ಮೇಲೆ ಕಪ್ಪು ಚುಕ್ಕೆಗಳು. ಬೋಲ್ಟ್ ಎಳೆದರೆ ತೋಟೆಯ ಬುಡ ಮಾತ್ರ ಈಚೆ ಬಂತು. ಮಿಕ್ಕ ಹಿತ್ತಾಳೆ ನಳಿಕೆಯೊಳಗೇ ಸಿಕ್ಕಿಕೊಂಡಿತ್ತು. ಕೆಳಗೆ ಬಿದ್ದಿದ್ದ ಐದು ಖಾಲಿ ತೋಟೆ ಎತ್ತಿ ನೋಡಿದೆ. ಪ್ರತಿಯೊಂದರಲ್ಲೂ ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಒಂದು ಗೀರು. ಹಿತ್ತಾಳೆ ಹಿಗ್ಗಿ ತೆಳುವಾಗಿದ್ದ ಜಾಗ ಅದು. ಮೊದಲನೇ ತೋಟೆಯನ್ನೇ ಎತ್ತಿ ನೋಡಿದ್ದರೆ ಅಲ್ಲೇ ನಿಲ್ಲಿಸುತ್ತಿದ್ದೆ.

ತ್ರೀ ನಾಟ್ ತ್ರೀ ತೋಟೆಗೆ ಬುಡದಲ್ಲಿ ಅಂಚು ಇದೆ, ಅಲ್ವಾ? ಅದರ ಮುಂದೆ ನಳಿಕೆಯ ಹಿಂಬದಿ, ಹಿಂದೆ ಬೋಲ್ಟಿನ ಮುಖ. ಇವೆರಡರ ನಡುವಿನ ಜಾಗವೇ ಹೆಡ್‌ಸ್ಪೇಸ್. ಬ್ರಿಟಿಷ್ ಸೈನ್ಯದ ಲೆಕ್ಕದಲ್ಲಿ ಅದು 0.064 ಇಂಚಿನಿಂದ 0.074 ಇಂಚಿನೊಳಗೆ ಇರಬೇಕು. ಜಾಸ್ತಿಯಾದರೆ ತೋಟೆಗೆ ಹಿಂದೆ ಆಸರೆ ಸಿಗುವುದಿಲ್ಲ, ಹಿಗ್ಗಿ ಹರಿಯುತ್ತದೆ. ನಂಬರ್ 4ರಲ್ಲಿ ಇದನ್ನು ಸರಿಮಾಡಲೆಂದೇ 0, 1, 2, 3 ಎಂದು ಬೋಲ್ಟಿನ ತುದಿಗೆ ಹಾಕುವ ಬೇರೆ ಬೇರೆ ಉದ್ದದ ಬೋಲ್ಟ್ ಹೆಡ್‌ಗಳಿವೆ.

ಇನ್ನೊಬ್ಬ ಗನ್‌ಸ್ಮಿತ್ ಹತ್ತಿರ ಹೋದೆ. ಅವರು ಈ ಜಾಗ ಅಳೆಯುವ 0.074ರ ಗೇಜ್ ಇಟ್ಟು ಬೋಲ್ಟ್ ಮುಚ್ಚಿದರು. ಮುಚ್ಚಬಾರದಿತ್ತು, ಸಲೀಸಾಗಿ ಮುಚ್ಚಿಕೊಂಡಿತು. ನಳಿಕೆ ಬಿಚ್ಚಿ ಹಿಂಬದಿ ತೋರಿಸಿದರು. ಅಲ್ಲಿ ಅರದಿಂದ ಉಜ್ಜಿದ ಅಡ್ಡ ಗೀರುಗಳು ಎದ್ದು ಕಾಣುತ್ತಿದ್ದವು. ಹೊಸ ನಳಿಕೆ ಹಾಕಿದಾಗ ಮೊದಲು ಬೋಲ್ಟ್ ಮುಚ್ಚಿರಲಿಕ್ಕಿಲ್ಲ. ಚಿಕ್ಕ ಬೋಲ್ಟ್ ಹೆಡ್ ಹಾಕುವ ಬದಲು ಆ ಮೊದಲಿನ ರಿಪೇರಿಯವನು ನಳಿಕೆಯನ್ನೇ ಉಜ್ಜಿಬಿಟ್ಟಿದ್ದಾನೆ. ನನ್ನ ಕೋವಿಯಲ್ಲಿ ಇದ್ದದ್ದು 3ನೇ ನಂಬರು, ಅದಕ್ಕಿಂತ ಉದ್ದದ್ದು ಇಲ್ಲವೇ ಇಲ್ಲ, ಹಾಗಾಗಿ ಉದ್ದದ ಹೆಡ್ ಹಾಕಿ ಸರಿಮಾಡುವ ದಾರಿಯೂ ಇರಲಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಗೇಜ್ ಇಲ್ಲದವನ ಕೈಗೆ ಕೋವಿ ಕೊಡಬೇಡಿ. ನಿಮ್ಮ ಕಣ್ಣೆದುರೇ ಗೇಜ್ ಇಟ್ಟು ತೋರಿಸಲಿ. ಯೂಟ್ಯೂಬ್ ನೋಡಿ ಮನೆಯಲ್ಲೇ ಮಾಡಲು ಹೋಗಬೇಡಿ, ದಮ್ಮಯ್ಯ. ಹಳೇ ನಳಿಕೆ ನಿಜವಾಗಿ ಸವೆದಿದೆಯಾ ಅಂತ ಇನ್ನೊಬ್ಬರಿಗೆ ತೋರಿಸಿ. ಬಿಚ್ಚಿದ್ದನ್ನು ಅಲ್ಲೇ ಬಿಟ್ಟು ಬರಬೇಡಿ. ನನ್ನದನ್ನು ವಾಪಸ್ ಕೇಳಲು ಹೋದಾಗ ಅವನು ಅದನ್ನು ಆಗಲೇ ಗುಜರಿಗೆ ಹಾಕಿದ್ದ.