ಲೂಪ್ ಹ್ಯಾಬಿಟ್ ಟ್ರ್ಯಾಕರ್: ಒಂದು ದಿನ ತಪ್ಪಿದರೆ ಸೊನ್ನೆಗಿಳಿಸದ ಆ್ಯಪ್

ದಿನಾ ಸ್ವಲ್ಪ ಸ್ವಲ್ಪ ಮಾಡಿ ದೊಡ್ಡ ಕೆಲಸ ಮುಗಿಸುತ್ತೇನೆ ಅನ್ನುವವರಿಗೆ ಆ್ಯಪ್‌ಗಳ ಬರವಿಲ್ಲ. ಹೆಚ್ಚಿನವು ಸತತ ಎಷ್ಟು ದಿನ ಮಾಡಿದಿರಿ ಎಂಬುದನ್ನೇ ಎತ್ತಿ ತೋರಿಸುತ್ತವೆ. 64 ದಿನ ಮಾಡಿ ಒಂದು ದಿನ ಜ್ವರ ಬಂದು ಮಲಗಿದಿರೋ, ಮತ್ತೆ ಸೊನ್ನೆ. ಆ ಸೊನ್ನೆ ಕಂಡ ದಿನವೇ ಬಹಳ ಮಂದಿ ಕೈಬಿಡುತ್ತಾರೆ. ಲೂಪ್ ವರ್ಷಗಟ್ಟಲೆ ಬಳಕೆಗೆ ಒಗ್ಗುವುದು ಇಲ್ಲಿ ಬೇರೆ ದಾರಿ ಹಿಡಿದದ್ದಕ್ಕೆ.

ಇದು ಪ್ರತಿ ಅಭ್ಯಾಸಕ್ಕೂ ಶೇಕಡಾ ಲೆಕ್ಕದಲ್ಲಿ ಅಂಕ ಕೊಡುತ್ತದೆ. ದಿನಾ ಮಾಡುವ ಕೆಲಸವಾದರೆ 13 ದಿನಕ್ಕೆ 50, ತಿಂಗಳಿಗೆ 80ರ ಆಸುಪಾಸು, ಎರಡು ತಿಂಗಳಿಗೆ 96. ಮೇಲೇರಿದಷ್ಟೂ ಏರಿಕೆ ನಿಧಾನ. 96ರಲ್ಲಿ ಇರುವಾಗ ಒಂದು ದಿನ ತಪ್ಪಿದರೆ 91ಕ್ಕೆ ಇಳಿಯುತ್ತದೆ, ಮತ್ತೆ 96 ಮುಟ್ಟಲು ಸುಮಾರು 15 ದಿನ ಬೇಕು. ಎರಡು ವಾರ ಪೂರ್ತಿ ಬಿಟ್ಟರೆ 46ಕ್ಕೆ ಬಂದು ನಿಲ್ಲುತ್ತದೆ. ದಂಡ ಇದೆ, ಆದರೆ ತಪ್ಪಿಗೆ ತಕ್ಕಷ್ಟೇ.

ಹೊಸ ಅಭ್ಯಾಸ ಸೇರಿಸುವಾಗ ಎರಡು ಬಗೆ ಕಾಣುತ್ತವೆ: ಮಾಡಿದೆ/ಇಲ್ಲ ಎಂಬುದು ಒಂದು, ಅಳೆಯುವಂಥದ್ದು ಇನ್ನೊಂದು. ದೊಡ್ಡ ಗುರಿಗೆ ಎರಡನೆಯದೇ ಸರಿ. 60,000 ಪದಗಳ ಹಸ್ತಪ್ರತಿ ಬೇಕೆಂದರೆ ದಿನಕ್ಕೆ 200 ಪದ, 300 ದಿನ. ಗುರಿ 200 ಎಂದಿಟ್ಟು 100 ಬರೆದರೆ ಆ ದಿನಕ್ಕೆ ಅರ್ಧ ಅಂಕ. 900 ಬರೆದರೂ ಅಂಕ 200ರದ್ದೇ, ಒಂದು ಚೂರೂ ಹೆಚ್ಚಿಲ್ಲ. ಮೊದಮೊದಲು ಇದು ಅನ್ಯಾಯ ಅನ್ನಿಸಬಹುದು, ಆದರೆ ಇವತ್ತಿನ ಹುಮ್ಮಸ್ಸನ್ನು ನಾಳೆಯ ರಜೆಗೆ ಅಡವಿಡಲು ಬಿಡದಿರುವುದು ಒಳ್ಳೆಯದೇ. ಗುರಿಯನ್ನು ದಿನಕ್ಕೆ ಬದಲು ವಾರಕ್ಕೆ 1,400 ಎಂದು ಕೊಟ್ಟರೆ ಮಾತ್ರ ಈ ಕಾವಲು ತಪ್ಪುತ್ತದೆ. ಭಾನುವಾರ ಒಂದೇ ದಿನ ಕೂತು ವಾರದ ಪಾಲನ್ನೆಲ್ಲ ಮುಗಿಸಿದರೂ ಪೂರ್ತಿ ಅಂಕ ಸಿಗುತ್ತದೆ.

ಸಾಮಾನ್ಯವಾಗಿ ಎಡವುವುದು ಗುರಿಯ ಅಳತೆಯಲ್ಲಿ. ಉತ್ಸಾಹದಲ್ಲಿ 500 ಎಂದಿಟ್ಟು ದಿನಾ 250 ಬರೆಯುವವರ ಅಂಕ 50ರ ಹತ್ತಿರ ಹೋಗಿ ಅಲ್ಲೇ ಕೂರುತ್ತದೆ, ಎಷ್ಟು ತಿಂಗಳಾದರೂ ಮೇಲೇಳದು. ತಲೆನೋವಿದ್ದ ದಿನವೂ ಆಗುವಷ್ಟನ್ನೇ ಗುರಿಯಾಗಿಡಿ. ಗುರಿ ಬದಲಿಸಿದರೆ ಹಿಂದಿನ ದಿನಗಳ ಅಂಕವೂ ಹೊಸ ಗುರಿಯ ಪ್ರಕಾರವೇ ಬದಲಾಗುತ್ತದೆ. ಗ್ರಾಫ್ ಒಮ್ಮೆಲೇ ಜಿಗಿದರೆ ಗಾಬರಿ ಬೇಡ.

ಕೊರತೆಯೂ ಇದೆ. 60,000 ಎಂಬ ಕೊನೆಯ ಗೆರೆ ಈ ಆ್ಯಪ್‌ಗೆ ಗೊತ್ತೇ ಇಲ್ಲ. ವಾರ, ತಿಂಗಳು, ವರ್ಷದ ಗುರಿಯಲ್ಲಿ ಎಷ್ಟಾಯಿತು ಎಂದು ತೋರಿಸುತ್ತದೆ, ಇನ್ನೆಷ್ಟು ಬಾಕಿ ಎಂಬ ಲೆಕ್ಕ ನೀವೇ ಬರೆದಿಟ್ಟುಕೊಳ್ಳಬೇಕು. ಐಫೋನ್‌ನವರಿಗೆ ಇದು ಸಿಗದು, ಆಂಡ್ರಾಯ್ಡ್‌ಗೆ ಮಾತ್ರ.

ಸೆಟ್ಟಿಂಗ್ಸ್‌ನಲ್ಲಿ ಎರಡನ್ನು ಮೊದಲ ದಿನವೇ ಆನ್ ಮಾಡಿ. ಒಂದು, ದಿನ ಬಿಡುವ ಆಯ್ಕೆ: ಪ್ರಯಾಣ, ಕಾಯಿಲೆಯ ದಿನಗಳಿಗೆ ಹಾಕಿದರೆ ಅಂಕ ಏರದು, ಇಳಿಯದು. (ದಿನಾ ಹಾಕತೊಡಗಿದರೆ ಮೋಸ ಯಾರಿಗೆಂದು ಹೇಳಬೇಕಿಲ್ಲ.) ಇನ್ನೊಂದು, ಹೊಸ ದಿನವನ್ನು ನಡುರಾತ್ರಿ ಕಳೆದು ಬೆಳಗಿನ ಜಾವ 3ಕ್ಕೆ ಶುರುಮಾಡುವ ಆಯ್ಕೆ, ರಾತ್ರಿ ತಡವಾಗಿ ಕೆಲಸ ಮಾಡುವವರಿಗೆ. ರಿಮೈಂಡರ್ ಸದ್ದು ಮಾಡದಿದ್ದರೆ ಫೋನಿನ ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಈ ಆ್ಯಪನ್ನು ಹೊರಗಿಡಿ. ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳನ್ನು ಕೆಲವು ಫೋನ್‌ಗಳು ತಾವಾಗಿ ನಿಲ್ಲಿಸಿಬಿಡುತ್ತವೆ.

ಖಾತೆ ತೆರೆಯಬೇಕಿಲ್ಲ, ಮಾಹಿತಿ ಫೋನ್ ಬಿಟ್ಟು ಹೋಗುವುದಿಲ್ಲ. ಹಾಗಾಗಿ ಫೋನ್ ಕಳೆದರೆ ದಾಖಲೆಯೂ ಕಳೆದಂತೆ. ತಿಂಗಳಿಗೊಮ್ಮೆ ಪೂರ್ಣ ಬ್ಯಾಕಪ್ ತೆಗೆದು ಬೇರೆ ಕಡೆ ಇಡಿ. ಪಕ್ಕದಲ್ಲೇ ಇರುವ ಸಿಎಸ್‌ವಿ ಆಯ್ಕೆಯನ್ನು ಬ್ಯಾಕಪ್ ಎಂದುಕೊಳ್ಳಬೇಡಿ: ಆ ಫೈಲು ಸ್ಪ್ರೆಡ್‌ಶೀಟ್‌ನಲ್ಲಿ ತೆರೆಯುತ್ತದೆ, ಆ್ಯಪ್‌ನೊಳಕ್ಕೆ ವಾಪಸ್ ಬರುವುದಿಲ್ಲ.